25 ಪ್ರತಿಗಳಲ್ಲಿ ಅಸಲು ಯಾವುದು?

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಜರೀನಾ ಹಾಶ್ಮಿಯವರ ಅಚ್ಚುಚಿತ್ರಗಳಿಗೆ ಎಂಟು ಪುಟ ಕೊಟ್ಟಿದ್ದೀರಿ. ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತನಾದವನು. ನನಗೆ ಕೆಲವು ಸಂಗತಿ ತಿಳಿಯಲಿಲ್ಲ. ಒಂದೇ ಚಿತ್ರದ 25 ಪ್ರತಿಗಳಿದ್ದರೆ ಅವುಗಳಲ್ಲಿ ಅಸಲು ಯಾವುದು? ಕುಂಚ ಹಿಡಿದು ಮಾಡಿದ ಕೆಲಸಕ್ಕೂ ಪ್ರೆಸ್ಸಿನಲ್ಲಿ ಒತ್ತಿ ತೆಗೆದದ್ದಕ್ಕೂ ವ್ಯತ್ಯಾಸ ಬೇಡವೇ? ಇನ್ನು ಮನೆಯ ನಕ್ಷೆ. ಅದನ್ನು ಡ್ರಾಫ್ಟ್ಸ್‌ಮನ್ ಬರೆಯುತ್ತಾನೆ, ಏಳನೇ ಇಯತ್ತೆಯ ಹುಡುಗನೂ ಬರೆಯುತ್ತಾನೆ. ಬೇಕಾದರೆ ನೋಡಿ, ಹಳೇ ಬಾಗಲಕೋಟೆಯ ನಮ್ಮ ಮನೆಯದನ್ನು ಕೆಳಗೆ ನಾನೇ ಬರೆದಿದ್ದೇನೆ. ಇದನ್ನೂ ಕಲೆ ಎಂದು ಅಚ್ಚು ಹಾಕಿರಿ. ಬಾದಾಮಿ, ಐಹೊಳೆ, ಪಟ್ಟದಕಲ್ಲು ನಮ್ಮ ಮಗ್ಗುಲಲ್ಲೇ ಇರುವಾಗ ಅಲೀಗಢದ ಯಾರದೋ ಮನೆ ಕಟ್ಟಿಕೊಂಡು ಕನ್ನಡಿಗನಿಗೆ ಏನಾಗಬೇಕಾಗಿದೆ?"
ಓದುಗರೊಬ್ಬರು, ನವನಗರ, ಬಾಗಲಕೋಟೆ

ಸಂಪಾದಕರ ಉತ್ತರ:

ಮಾಸ್ತರೇ, ಚಿತ್ರಗಳ ಬಗ್ಗೆ ನಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಚಿತ್ರ ನೋಡದೆ ಬರೆದವು. ನೀವು ನೋಡಿದ್ದೀರಿ. ಒಂದೊಂದು ಪುಟವನ್ನೂ ದಿಟ್ಟಿಸಿ ನೋಡಿ, ಆಮೇಲೆ ಸಿಟ್ಟಾಗಿದ್ದೀರಿ. ಅಚ್ಚುಚಿತ್ರಗಳ ಪರವಾಗಿ ಈ ಪತ್ರಿಕೆ ಹಟ ಹಿಡಿದು ಬರೆಯುತ್ತ ಬಂದಿದೆ. ಆ ಹಟ ನನ್ನದು. ಹೀಗಾಗಿ ಸ್ವಲ್ಪ ಉದ್ದವಾಗಿಯೇ ಉತ್ತರಿಸುತ್ತೇನೆ.

ಒಪ್ಪಬೇಕಾದದ್ದನ್ನು ಮೊದಲು ಒಪ್ಪಿಬಿಡುತ್ತೇನೆ. 'ಆರ್ಟ್ ಪ್ರಿಂಟ್' ಎಂಬ ಹೆಸರಿನಲ್ಲಿ ಈಗ ಏನೇನೋ ಮಾರಾಟವಾಗುತ್ತಿದೆ. ಯಾವುದೋ ತೈಲಚಿತ್ರದ ಫೋಟೊ ತೆಗೆದು, ಇಂಕ್‌ಜೆಟ್ ಯಂತ್ರದಲ್ಲಿ ಕ್ಯಾನ್ವಾಸಿನ ಮೇಲೆ ಹೊಡೆದು, ಮೂಲೆಯಲ್ಲೊಂದು ಸಹಿ ಹಾಕಿಸಿ 'ಲಿಮಿಟೆಡ್ ಎಡಿಷನ್' ಎಂದು ದೊಡ್ಡ ಬೆಲೆ ಹೇಳುವವರಿದ್ದಾರೆ. ಸಾಲ್ವಡೋರ್ ಡಾಲಿಯಂಥ ಕಲಾವಿದ ಖಾಲಿ ಹಾಳೆಗಳ ಮೇಲೆ ಸಾವಿರಗಟ್ಟಲೆ ಸಹಿ ಮಾಡಿ ಕೊಟ್ಟುಬಿಟ್ಟ. ಆ ಹಾಳೆಗಳ ಮೇಲೆ ಆಮೇಲೆ ಯಾರು ಏನು ಅಚ್ಚು ಹಾಕಿದರು ಎಂಬ ತಗಾದೆ ಕಲಾ ಮಾರುಕಟ್ಟೆಯಲ್ಲಿ ಇನ್ನೂ ಮುಗಿದಿಲ್ಲ. ಅಂಥ ಸರಕನ್ನು ನೀವು ಅನುಮಾನದಿಂದ ನೋಡಿದರೆ ಅದು ನ್ಯಾಯವೇ.

ಕಳೆದ ಸಂಚಿಕೆಯಲ್ಲಿ ನಾವು ಹಾಕಿದ್ದು ಅಂಥದ್ದಲ್ಲ. ಮರದಚ್ಚಿನ ಚಿತ್ರದ ಹಿಂದೆ ಬೇರೊಂದು ಚಿತ್ರ ಇರುವುದೇ ಇಲ್ಲ. ಇರುವುದು ಹಲಗೆ. ಬೇಡವಾದ ಕಡೆಯೆಲ್ಲ ಉಳಿಯಿಂದ ಕೆತ್ತಿ ತೆಗೆಯುತ್ತಾರೆ. ಉಳಿದ ಮೈಗೆ ರೋಲರಿನಿಂದ ಮಸಿ ಹಚ್ಚುತ್ತಾರೆ. ಮೇಲೆ ಕಾಗದ ಹಾಸಿ ಕೈಯಿಂದ ಉಜ್ಜುತ್ತಾರೆ, ಇಲ್ಲವೇ ಪ್ರೆಸ್ಸಿಗೆ ಕೊಡುತ್ತಾರೆ. ಹಲಗೆಯ ಮೇಲೆ ಎಡಕ್ಕಿದ್ದದ್ದು ಕಾಗದದ ಮೇಲೆ ಬಲಕ್ಕೆ ಬರುತ್ತದೆ; ಕೆತ್ತುವವರು ಅದನ್ನು ಮೊದಲೇ ತಲೆಯಲ್ಲಿ ತಿರುಗಿಸಿ ಇಟ್ಟುಕೊಂಡಿರಬೇಕು. ಕಾಗದ ಎತ್ತಿದಾಗಲೇ ಚಿತ್ರ ಹುಟ್ಟುವುದು. ಮಸಿ ಒಂದು ಕೂದಲೆಳೆ ಹೆಚ್ಚಾದರೂ, ಕಾಗದದ ತೇವ ಸ್ವಲ್ಪ ಆರಿದರೂ ಆ ಹಾಳೆ ಕೆಡುತ್ತದೆ, ಕೆಟ್ಟದ್ದನ್ನು ಹರಿದು ಹಾಕುತ್ತಾರೆ. ಒಪ್ಪಿಗೆಯಾದ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ 3/25 ಎಂದು ಬರೆದು ಸಹಿ ಮಾಡುತ್ತಾರೆ: 25ರಲ್ಲಿ ಮೂರನೆಯದು. ಲೆಕ್ಕ ಮುಗಿದ ಮೇಲೆ ಹಲಗೆಯನ್ನೋ ತಗಡನ್ನೋ ಗೀಚಿ ಕೆಡಿಸುವ ರೂಢಿಯೂ ಇದೆ. ಅಸಲು ಯಾವುದು ಎಂದು ಕೇಳಿದಿರಲ್ಲ, 25 ಕೂಡ ಅಸಲೇ. ಒಂದನ್ನು ತಂದು ಇನ್ನೊಂದರ ನಕಲು ಎಂದು ತೋರಿಸಲು ಬರುವುದಿಲ್ಲ.

ಕೆನಡಾದ ಉತ್ತರ ಭಾಗದಲ್ಲಿ, ಬಾಫಿನ್ ದ್ವೀಪದ ಮಗ್ಗುಲಿನ ಕಿನ್‌ಗೈಟ್ ಎಂಬ ಊರಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನ 1950ರ ದಶಕದ ಕೊನೆಯಿಂದ ಕಲ್ಲಿನ ಮೇಲೆ ಕೆತ್ತಿ ಅಚ್ಚುಚಿತ್ರ ಮಾಡುತ್ತ ಬಂದಿದ್ದಾರೆ. ಪ್ರತಿಗಳ ಲೆಕ್ಕ ಮುಗಿದ ಕೂಡಲೇ ಕಲ್ಲನ್ನು ಉಜ್ಜಿ ನುಣುಪು ಮಾಡಿಬಿಡುತ್ತಾರೆ, ಅದರ ಮೇಲೆ ಮುಂದಿನ ಚಿತ್ರ. ಆ ಊರಿನ ಕೆನೊಜುವಾಕ್ ಅಶೆವಾಕ್ 1960ರಲ್ಲಿ ರೂಪಿಸಿದ ಗೂಬೆಯ ಚಿತ್ರವನ್ನು ಕೆನಡಾ ಸರ್ಕಾರ 1970ರಲ್ಲಿ ಅಂಚೆಚೀಟಿ ಮಾಡಿತು. ಗೂಬೆಯ ಗರಿಗಳು ಕಿರಣಗಳ ಹಾಗೆ ಸುತ್ತಲೂ ಚಾಚಿಕೊಂಡಿವೆ, ಒಮ್ಮೆ ನೋಡಿದವರು ಮರೆಯುವುದಿಲ್ಲ. ಇದೇ ಸರ್ಕಾರ ಸುಮಾರು ಅದೇ ಕಾಲದವರೆಗೆ ಇನ್ಯುಯಿಟ್ ಜನರನ್ನು ಗುರುತಿಸುತ್ತಿದ್ದದ್ದು ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆಗಳ ನಂಬರಿನಿಂದ. ಅವರ ಹೆಸರುಗಳು ಅಧಿಕಾರಿಗಳ ನಾಲಿಗೆಗೆ ಹೊಂದುತ್ತಿರಲಿಲ್ಲ. ನಂಬರು ಕೊಟ್ಟವರ ಕೈಯಿಂದಲೇ ತಮ್ಮ ಗೂಬೆಗೆ ಅಂಚೆಯ ಮುದ್ರೆ ಒತ್ತಿಸಿಕೊಂಡ ಈ ಹೆಣ್ಣುಮಗಳ ಬಗ್ಗೆ ನನಗಿರುವ ಗೌರವ ಹೇಳತೀರದು. ಜೀವಮಾನವೆಲ್ಲ ಒಂದೇ ಒಂದು ತೈಲಚಿತ್ರ ಬರೆದು ಯಾವುದೋ ಅರಮನೆಗೆ ಮಾರಿದ್ದರೆ ಇದು ಆಗುತ್ತಿರಲಿಲ್ಲ. ಹಾಳೆಗಳು ಊರೂರಿಗೆ ಹೋದದ್ದರಿಂದ ಆಯಿತು.

ಅಚ್ಚು ಎಂದರೆ ಮೂಗು ಮುರಿಯುವುದು ಕನ್ನಡಿಗರಿಗಂತೂ ಸಲ್ಲದು. ನಮ್ಮ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈಯಲ್ಲಿ ಹೊರಬಂದದ್ದು ಕಲ್ಲಚ್ಚಿನಲ್ಲಿ. ಎಣ್ಣೆ ಮತ್ತು ನೀರು ಒಂದಾಗುವುದಿಲ್ಲ ಎಂಬ ಒಂದೇ ಗುಟ್ಟಿನ ಮೇಲೆ ನಡೆಯುವ ಕೆಲಸ ಅದು: ಜಿಡ್ಡಿನ ಮಸಿಯಿಂದ ಸುಣ್ಣಕಲ್ಲಿನ ಮೇಲೆ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮಸಿ ಉರುಳಿಸಿದರೆ ಬರೆದ ಕಡೆ ಮಾತ್ರ ಹಿಡಿಯುತ್ತದೆ. ಹೆರ್ಮನ್ ಮೋಗ್ಲಿಂಗ್ ಕನ್ನಡಿಗರಿಗೆ ಸುದ್ದಿ ಹಂಚಿದ ಈ ವಿಧಾನದಲ್ಲೇ ಇವತ್ತಿಗೂ ಕಲಾವಿದರು ಲಿಥೊಗ್ರಾಫ್ ಮಾಡುತ್ತಾರೆ. ಇನ್ನು ರವಿವರ್ಮ. ಅವನು 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಹಾಕಿದ ಮೇಲೆಯೇ ಲಕ್ಷ್ಮಿ, ಸರಸ್ವತಿಯರು ಅರಮನೆಯ ಗೋಡೆ ಬಿಟ್ಟು ನಮ್ಮ ನಿಮ್ಮ ಮನೆಗಳ ಪಡಸಾಲೆಗೆ ಬಂದದ್ದು. ಅವು ತೈಲಚಿತ್ರಗಳ ಪ್ರತಿಗಳು, ಜರೀನಾರ ಕೆಲಸದ ಜಾತಿಯವಲ್ಲ. ಅದು ನನಗೆ ಗೊತ್ತಿದೆ. ಆದರೂ ಬಡವನ ಗೋಡೆಗೆ ಚಿತ್ರ ತಂದುಕೊಟ್ಟದ್ದು ಅಚ್ಚೇ. ಕಲಬುರಗಿಯ ಎಸ್.ಎಂ. ಪಂಡಿತರ ಕ್ಯಾಲೆಂಡರ್ ದೇವರುಗಳಿಗೆ ಕೈ ಮುಗಿಯುತ್ತ ಬೆಳೆದ ನಮ್ಮ ಸೀಮೆಯ ಜನ, ಅಚ್ಚಾದ ಚಿತ್ರ ಚಿತ್ರವೇ ಎಂದು ಕೇಳಿದಾಗ ನನಗೆ ನೋವಾಗುತ್ತದೆ.

ಈಗ ಜರೀನಾ. ಹುಟ್ಟಿದ್ದು 1937ರಲ್ಲಿ, ಅಲೀಗಢದಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸುತ್ತಿದ್ದರು. ಮಗಳು ಓದಿದ್ದು ಗಣಿತ. ಆ ಗೆರೆಗಳ ಕಟ್ಟುನಿಟ್ಟು ಅಲ್ಲಿಂದ ಬಂದದ್ದು. ದೇಶ ಒಡೆದಾಗ ಹತ್ತು ವರ್ಷದ ಹುಡುಗಿ. ಹನ್ನೆರಡು ವರ್ಷ ಕಳೆದು, 1959ರಲ್ಲಿ, ತಂದೆತಾಯಿ ಕರಾಚಿಗೆ ಹೊರಟುಹೋದರು. ಅಷ್ಟರಲ್ಲಿ ಜರೀನಾ ಮದುವೆಯಾಗಿ ರಾಯಭಾರ ಕಚೇರಿಯ ಅಧಿಕಾರಿಯಾಗಿದ್ದ ಗಂಡನ ಜೊತೆ ಊರಿಂದೂರಿಗೆ ಹೋಗುತ್ತಿದ್ದರು: ಬ್ಯಾಂಕಾಕ್, ಪ್ಯಾರಿಸ್, ಬಾನ್. ಪ್ಯಾರಿಸ್ಸಿನಲ್ಲಿ ಅಚ್ಚುಚಿತ್ರ ಕಲಾವಿದ ಹೇಟರ್ ನಡೆಸುತ್ತಿದ್ದ 'ಅಟೆಲಿಯರ್ 17' ಎಂಬ ಕಾರ್ಯಾಗಾರದಲ್ಲಿ ತಾಮ್ರದ ತಗಡಿನ ಕೆಲಸ ಕಲಿತರು. 1974ರಲ್ಲಿ ಟೋಕಿಯೊಗೆ ಹೋಗಿ ಮರದಚ್ಚಿನಲ್ಲಿ ಕೈ ಪಳಗಿಸಿಕೊಂಡರು. ಆಮೇಲೆ ನ್ಯೂಯಾರ್ಕಿನಲ್ಲಿ ನೆಲೆ. ಹೀಗೆ ಬದುಕಿದವರು ಆಳೆತ್ತರದ ಕ್ಯಾನ್ವಾಸುಗಳನ್ನು ಎಲ್ಲಿಗೆಂದು ಹೊತ್ತುಕೊಂಡು ಹೋಗಬೇಕು? ಕಾಗದವಾದರೆ ಟ್ರಂಕಿನ ತಳದಲ್ಲಿ ಮಲಗುತ್ತದೆ. ನೆಲೆ ತಪ್ಪಿದವರ ಕಲೆ ಹಾಳೆಯ ಮೇಲೆ ಬಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

1994ರಲ್ಲಿ ಅವರು ಅಲೀಗಢದ ತಂದೆಯ ಮನೆಯ ನಕ್ಷೆಯನ್ನು ಎಚ್ಚಿಂಗ್ (ಲೋಹದ ತಗಡಿನ ಮೇಲಿನ ಗೆರೆಗಳನ್ನು ಆಸಿಡ್‌ನಿಂದ ಕೊರೆಸಿ ತೆಗೆಯುವ ಅಚ್ಚು) ಮಾಡಿದರು. 1997ರಲ್ಲಿ ತಾವು ಬಾಳಿದ ಮನೆಗಳನ್ನೆಲ್ಲ ಒಂದೊಂದು ನಕ್ಷೆಯಾಗಿ ಒಂಬತ್ತು ಹಾಳೆಗಳಲ್ಲಿ ತಂದರು. 1999ರಲ್ಲಿ 36 ಮರದಚ್ಚುಗಳ ಒಂದು ಮಾಲೆ. ಹೊಸ್ತಿಲು, ಬಾಗಿಲು, ಗಡಿ ಹೀಗೆ ಒಂದೊಂದಕ್ಕೂ ಒಂದು ಉರ್ದು ಪದ, ಒಂದು ಕಪ್ಪು ಆಕಾರ. ನೀವು ಕೇಳಿದ 25 ಪ್ರತಿಗಳು ಈ ಮಾಲೆಯವು. ಕರಾಚಿಯಲ್ಲಿದ್ದ ಅಕ್ಕ ರಾಣಿ, ತಂದೆತಾಯಿ ತೀರಿಕೊಂಡದ್ದನ್ನೂ ಮನೆ ಮಾರಿದ್ದನ್ನೂ ಕಾಗದದಲ್ಲಿ ಬರೆದು, ಅಂಚೆಗೆ ಹಾಕದೆ ಇಟ್ಟುಕೊಂಡಿದ್ದರು. ಎಷ್ಟೋ ವರ್ಷಗಳ ನಂತರ ತಂಗಿಯ ಕೈಗೆ ಬಂದ ಆ ಓಲೆಗಳು 2004ರಲ್ಲಿ ಅಚ್ಚುಚಿತ್ರಗಳಾದವು. ಅಕ್ಕನ ಕೈಬರಹದ ಸಾಲುಗಳ ಮೇಲೆ ತಂಗಿ ಮನೆಯ ಗೋಡೆಗಳನ್ನೂ ಊರಿನ ನಕ್ಷೆಗಳನ್ನೂ ಒತ್ತಿದ್ದಾರೆ. ಕೆಳಗಿನ ಅಕ್ಷರ ಕಾಣುತ್ತದೆ, ಪೂರ್ತಿ ಓದಲು ಬಿಡುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡಿದ್ದು 2001ರ ಆ ಒಂದು ಗೆರೆಯ ಚಿತ್ರವನ್ನು. ಹಾಳೆಯ ನಡುವೆ ಒಂದು ದಪ್ಪ ಕಪ್ಪು ಗೆರೆ ಅಂಕುಡೊಂಕಾಗಿ ಇಳಿದಿದೆ. ಭಾರತ ಪಾಕಿಸ್ತಾನಗಳ ಗಡಿ. ಅದನ್ನು ಎಳೆದ ಬ್ರಿಟಿಷ್ ವಕೀಲ ರ‍್ಯಾಡ್‌ಕ್ಲಿಫ್ ಅದಕ್ಕೆ ಮೊದಲು ಈ ನೆಲದಲ್ಲಿ ಕಾಲಿಟ್ಟವನೇ ಅಲ್ಲ. ಐದು ವಾರಗಳಲ್ಲಿ ಕೆಲಸ ಮುಗಿಸಿದ, ಸ್ವಾತಂತ್ರ್ಯ ಬಂದು ಎರಡು ದಿನ ಕಳೆದ ಮೇಲೆ, 1947ರ ಆಗಸ್ಟ್ 17ರಂದು, ಜನರಿಗೆ ಗೆರೆ ಎಲ್ಲಿದೆಯೆಂದು ತಿಳಿಯಿತು. ಪೆನ್ನಿನಿಂದ ಎಳೆಯುವುದು ಸಲೀಸು. ಮರದಚ್ಚಿನಲ್ಲಿ ಕಪ್ಪು ಗೆರೆ ಬೇಕಾದರೆ ಅದರ ಎರಡೂ ಬದಿಯ ನೆಲವನ್ನು ಕೆತ್ತಿ ತೆಗೆಯಬೇಕು. ಜರೀನಾ ಮಾಡಿದ್ದು ಅದನ್ನೇ. ಆಚೆಯದೂ ಈಚೆಯದೂ ಉಳಿ ತಿಂದು ಹೋಗಿ ಗೆರೆ ಒಂದೇ ನಿಂತಿದೆ. ಉಳಿಯ ಚೂರುಪಾರು ಗುರುತುಗಳು ಎರಡೂ ಕಡೆ ಚೆಲ್ಲಿವೆ. ಕುಂಚದಿಂದ ಮಾಡಿದ್ದರೆ ಇದು ಬರುತ್ತಿತ್ತೇ ಎಂದು ನಿಮ್ಮನ್ನೇ ಕೇಳುತ್ತೇನೆ, ನೀವು ಕೈಕೆಲಸ ಬಲ್ಲವರು.

ನಕ್ಷೆ ಡ್ರಾಫ್ಟ್ಸ್‌ಮನ್ನನ ಕೆಲಸ ಎಂದಿರಿ. ಪತ್ರದ ಕೆಳಗೆ ನೀವು ಬರೆದದ್ದನ್ನು, ನೀವು ಹೇಳಿದಂತೆಯೇ, ಈ ಪುಟದಲ್ಲಿ ಅಚ್ಚು ಹಾಕಿದ್ದೇವೆ. ಇದರಲ್ಲಿ ಕಲೆಯೇನೂ ಇಲ್ಲ ಎಂದು ತೋರಿಸಲು ಕೂತವರು ನೀವು. ಹೊರಗಿನ ನಾಲ್ಕು ಗೆರೆಗಳನ್ನು ಸ್ಕೇಲು ಹಿಡಿದು ಎಳೆದಿದ್ದೀರಿ. ಒಳಗೆ ಬಂದ ಮೇಲೆ ಸ್ಕೇಲು ಕೈಬಿಟ್ಟಿದೆ. ತಲಬಾಗಿಲಿನ ಎರಡು ಬದಿಗೆ ಕಟ್ಟೆ. ಪಡಸಾಲೆ, ನಡುಮನೆ, ದನ ಕಟ್ಟುವ ಜಾಗ, ಒಂದೊಂದಕ್ಕೂ ಹೆಸರು. ಬೆಳಕಿಂಡಿಗೆ ಚುಕ್ಕೆ ಗೆರೆಯ ಚೌಕ. ಅಡಿಗೆಮನೆಯ ಮೂಲೆಯಲ್ಲಿ ಒಂದು ಸಣ್ಣ ವರ್ತುಲ, ಪಕ್ಕದಲ್ಲಿ 'ಅವ್ವನ ಒಳ್ಳು' (ಒರಳುಕಲ್ಲು) ಎಂದು ಬರಹ. ಹಿತ್ತಲಲ್ಲಿ ಬೇವಿನ ಗಿಡ, ಅದಕ್ಕೆ ಎಲೆ ಕೂಡ ಬರೆದಿದ್ದೀರಿ. ವಾದ ಗೆಲ್ಲಲು ಬೇವಿನ ಎಲೆ ಬೇಕಿತ್ತೇ ಮಾಸ್ತರೇ?

ಹಳೇ ಬಾಗಲಕೋಟೆಗೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬರುವ ಮುಂಚೆ ಪರಿಹಾರಕ್ಕೆಂದು ಟೇಪು ಹಿಡಿದು ಮನೆ ಅಳೆದುಹೋದವರೂ ಇದೇ ಗೆರೆಗಳನ್ನು ಬರೆದುಕೊಂಡಿರುತ್ತಾರೆ. ಎಷ್ಟು ಅಂಕಣ, ಗೋಡೆ ಮಣ್ಣಿನದೋ ಕಲ್ಲಿನದೋ, ತೊಲೆ ಯಾವ ಮರದ್ದು, ಮಾಳಿಗೆ ಎಷ್ಟು ಹಳೆಯದು. ಆ ಕಾಗದದಲ್ಲಿ ಅವ್ವನ ಒಳ್ಳಿಗೆ ಕಾಲಂ ಇರಲಿಲ್ಲ. ಜರೀನಾ ಮಾಡಿದ ಕೆಲಸ ಇಷ್ಟೇ: ಅಳತೆಯವರ ಭಾಷೆಯಲ್ಲಿ, ಅಳತೆಯವರು ಬರೆದುಕೊಳ್ಳದೆ ಬಿಟ್ಟದ್ದನ್ನು ಹೇಳಿದರು. ಹೆಚ್ಚಿಗೆ ಏನನ್ನೂ ಸೇರಿಸಲಿಲ್ಲ, ಅಳುವವರನ್ನು ಬರೆಯಲಿಲ್ಲ, ಸುಟ್ಟ ಊರು ಬರೆಯಲಿಲ್ಲ. ಅಂಗಳ ಎಲ್ಲಿತ್ತು, ಕೋಣೆ ಎಲ್ಲಿತ್ತು ಎಂದು ಇಟ್ಟರು. ಮನೆ ಕಳೆದುಕೊಂಡವನು ಅದನ್ನು ನೋಡಿದ ಕೂಡಲೇ ತನ್ನ ಮನೆಯನ್ನು ಅದರೊಳಗೆ ಹುಡುಕತೊಡಗುತ್ತಾನೆ. ನೀವು ಹುಡುಕಿದ್ದೀರಿ. ನನ್ನ ಬಳಿ ಅದರ ಸಾಕ್ಷಿ ಇದೆ, ನಿಮ್ಮದೇ ಕೈಯದು.

ಮುಳುಗಡೆಯವರಿಗಾಗಿ ಕಟ್ಟಿದ ನವನಗರ ಚಂದದ ಊರು. ಚಾರ್ಲ್ಸ್ ಕೊರಿಯಾ ಅವರಂಥ ದೊಡ್ಡ ವಾಸ್ತುಶಿಲ್ಪಿ ಅದರ ಯೋಜನೆ ಮಾಡಿದವರು. ರಸ್ತೆ ಅಗಲ, ಗಾಳಿ ಬೆಳಕು ಇದೆ. ಆದರೆ ಅಲ್ಲಿ ಯಾರ ಮನೆ ಎಲ್ಲಿ ಎಂದು ಕೇಳಿದರೆ ಸೆಕ್ಟರ್ ನಂಬರ್ ಹೇಳುತ್ತಾರೆ. ಹಳೇ ಊರಿನ ಓಣಿಗಳಿಗೆ ಹೆಸರಿತ್ತು, ಆ ಹೆಸರಿನೊಳಗೆ ಕಸುಬು, ದೇವರು, ಬಾವಿ, ಮನೆತನ ಇದ್ದವು. ಶರಾವತಿಯ ಕಡೆಯವರನ್ನು ಕೇಳಿ: 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಊರು ಬಿಟ್ಟವರ ಮೊಮ್ಮಕ್ಕಳು, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಈಗಲೂ ಅಡಿಪಾಯ ಹುಡುಕಿಕೊಂಡು ಹೋಗುತ್ತಾರೆ. ಕರ್ನಾಟಕದಲ್ಲಿ ಇಷ್ಟು ಮುಳುಗಡೆಗಳಾದವು. ಮುಳುಗಿದ ಮನೆಗಳ ಒಂದು ಅಚ್ಚುಚಿತ್ರ ಮಾಲೆ ನನ್ನ ಕಣ್ಣಿಗೆ ಬಿದ್ದಿಲ್ಲ. ಅಲೀಗಢದ ಮನೆ ಕನ್ನಡಿಗನಿಗೆ ಏಕೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇದು. ಆ ಎಂಟು ಪುಟಗಳನ್ನು ನಾನು ಮುಖ್ಯವಾಗಿ ಬಾಗಲಕೋಟೆ, ಸಾಗರ, ಹೊಸನಗರಗಳ ಓದುಗರಿಗಾಗಿಯೇ ಹಾಕಿದ್ದು.

ಬಾದಾಮಿ, ಐಹೊಳೆ ಬೇಡವೆಂದು ಯಾರು ಹೇಳಿದರು? ನಿಮ್ಮ ಬಾದಾಮಿಯಲ್ಲಿ ಹುಟ್ಟಿದ ಆರ್.ಎಂ. ಹಡಪದ ಅವರು ಬೆಂಗಳೂರಿನಲ್ಲಿ ಕೆನ್ ಕಲಾಶಾಲೆ ಕಟ್ಟಿ ಒಂದು ಪೀಳಿಗೆಯನ್ನೇ ತಯಾರು ಮಾಡಿದರು, ಅವರ ಋಣ ನಮ್ಮ ಮೇಲಿದೆ. ನನ್ನ ತಕರಾರು ಬೇರೆ. ಸ್ಥಳ ಎಂದರೆ ಸ್ಮಾರಕ ಎಂದು ನಾವು ತಿಳಿದುಬಿಟ್ಟಿದ್ದೇವೆ. ಮೇಣಬಸದಿಯ ಎದುರು ಕೆರೆ, ಹಂಪಿಯ ಕಲ್ಲಿನ ರಥ, ಗೋಳಗುಮ್ಮಟ. ಡೈರಿ, ಕ್ಯಾಲೆಂಡರು, ಹೋಟೆಲಿನ ಗೋಡೆ ಎಲ್ಲ ಕಡೆ ಅವೇ. ಅಲ್ಲಿ ಯಾರೂ ವಾಸವಿಲ್ಲ. ಮೇದಕ್ ಜಿಲ್ಲೆಯ ನಿಜಾಂಪುರದವರಾದ ಲಕ್ಷ್ಮಾಗೌಡರ ಎಚ್ಚಿಂಗ್ ನೋಡಿ. ಆಡು, ಗುಡಿಸಲು, ಎಣ್ಣೆಗಪ್ಪಿನ ಹೆಣ್ಣು ಗಂಡು, ಒಣ ಗಿಡ. ಒಂದೂ ಸ್ಮಾರಕವಿಲ್ಲ, ಆದರೆ ತೆಲಂಗಾಣದ ಬಿಸಿಲು ಆ ಗೆರೆಗಳಲ್ಲಿ ಸುಡುತ್ತದೆ. ಚಿತ್ತಗಾಂವಿನಲ್ಲಿ ಹುಟ್ಟಿದ ಸೋಮನಾಥ ಹೋರ್ 1943ರ ಬಂಗಾಳದ ಬರವನ್ನು ಕಣ್ಣಾರೆ ಕಂಡವರು. 1970ರ ದಶಕದಲ್ಲಿ ಅವರು ಮಸಿಯನ್ನೇ ಬಿಟ್ಟರು. ಕಾಗದದ ತಿರುಳನ್ನು ಅಚ್ಚಿಗೆ ಒತ್ತಿ, ಬಿಳಿಯ ಮೇಲೆ ಬಿಳಿ ಗಾಯಗಳನ್ನು ಎಬ್ಬಿಸಿದರು. ಆ ಹಾಳೆಯನ್ನು ಕಣ್ಣಿಗಿಂತ ಬೆರಳಿನಿಂದ ಓದಬೇಕು ಅನಿಸುತ್ತದೆ. ಬಂಗಾಳದ ಯಾವ ಗುಡಿಯ ಚಿತ್ರವೂ ಬಂಗಾಳವನ್ನು ಅಷ್ಟು ಹೇಳದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಸಂಕಟವನ್ನೂ ಹೇಳಿಬಿಡುತ್ತೇನೆ. ಇದು ನಿಮ್ಮ ಮೇಲಿನ ದೂರಲ್ಲ, ನಿಮ್ಮ ಪರವಾದ ದೂರು. ನಿಮ್ಮಂಥವರು ನಿವೃತ್ತರಾದ ಮೇಲೆ ಎಷ್ಟೋ ಸರ್ಕಾರಿ ಹೈಸ್ಕೂಲುಗಳಲ್ಲಿ ಡ್ರಾಯಿಂಗ್ ಮಾಸ್ತರರ ಕುರ್ಚಿಯಲ್ಲಿ ಯಾರೂ ಬಂದು ಕೂತಿಲ್ಲ. ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೋ ಇಂಗ್ಲಿಷಿಗೋ ತೆಗೆದುಕೊಳ್ಳುತ್ತಾರೆ. ಒಂದು ಲಿನೋ ತುಂಡು, ಒಂದು ಉಳಿ, ಒಂದು ರೋಲರ್, ಸ್ವಲ್ಪ ಮಸಿ. ತರಗತಿಗೆಲ್ಲ ಸಾಲುವಷ್ಟು ಚಿತ್ರ ಇದರಿಂದ ಎಬ್ಬಿಸಬಹುದು, ಪ್ರತಿ ಮಗುವೂ ತನ್ನ ಓಣಿಯನ್ನು ಕೆತ್ತಿ ಗೆಳೆಯನಿಗೊಂದು ಪ್ರತಿ ಕೊಡಬಹುದು. ನೆಲಹಾಸಿನ ಲಿನೋಲಿಯಮ್ಮನ್ನೇ ಕೆತ್ತಿ ನಮೀಬಿಯಾದ ಜಾನ್ ಮುವಾಫಾಂಗೆಜೊ ತನ್ನ ಜನರ ಚರಿತ್ರೆ ಬರೆದ. ತನ್ನ ದೇಶದ ಸ್ವಾತಂತ್ರ್ಯ ನೋಡುವ ಮುಂಚೆ, 1987ರಲ್ಲಿ ತೀರಿಕೊಂಡ. ಅವನ ಕಪ್ಪುಬಿಳುಪು ಹಾಳೆಗಳನ್ನು ನೋಡಿದ ನಮ್ಮ ಹುಡುಗರು ಎಷ್ಟು ಜನ?

ರಾಜ್ಯದ ಒಂದು ಕಲಾಶಾಲೆಯ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿದ್ದೆ. ಎಚ್ಚಿಂಗ್ ಪ್ರೆಸ್ಸಿನ ಹಾಸಿನ ಮೇಲೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳನ್ನು ಪೇರಿಸಿಟ್ಟಿದ್ದರು. ಚಕ್ರಕ್ಕೆ ತುಕ್ಕು. ಫೆಲ್ಟ್ ಬಟ್ಟೆಯನ್ನು ಹುಳ ತಿಂದಿತ್ತು. ಓದುವ ಹುಡುಗರು ಇದ್ದರು, ಕೈಯಲ್ಲಿ ಕಸುವೂ ಇತ್ತು. ಆಸಿಡ್, ತಗಡು, ಒಳ್ಳೆಯ ಕಾಗದ ಇರಲಿಲ್ಲ. ಅದೇ ಜಿಲ್ಲೆಯ ಒಂದು ಹೊಸ ಕಚೇರಿಯ ಕಟ್ಟಡದಲ್ಲಿ ಯುರೋಪಿನ ಯಾವುದೋ ಹಿಮಬೆಟ್ಟದ ಡಿಜಿಟಲ್ ಫೋಟೊವನ್ನು ಗೋಡೆ ತುಂಬ ಅಂಟಿಸಿದ್ದರು. ಆ ಗೋಡೆಯ ಖರ್ಚಿನಲ್ಲಿ ವಿದ್ಯಾರ್ಥಿಗಳ ಅಚ್ಚುಚಿತ್ರಗಳನ್ನು ಪ್ರತಿ ತಾಲ್ಲೂಕು ಕಚೇರಿಗೂ ಹಾಕಿಸಬಹುದಿತ್ತು, ಕಟ್ಟು ಸಮೇತ. ಅರ್ಜಿ ಹಿಡಿದು ಸಾಲಿನಲ್ಲಿ ನಿಂತ ರೈತನಿಗೆ ಹಿಮಬೆಟ್ಟದ ಬದಲು ತನ್ನ ಸೀಮೆಯ ಎರೆಹೊಲ ಕಾಣುತ್ತಿತ್ತು. ದಿನಪತ್ರಿಕೆಗಳೂ ಕಲಾವಿಮರ್ಶೆಯ ಅಂಕಣಗಳನ್ನು ಒಂದೊಂದಾಗಿ ನಿಲ್ಲಿಸಿದವು. ಪ್ರದರ್ಶನ ಉದ್ಘಾಟಿಸಿದ ಗಣ್ಯರ ಫೋಟೊ ಬರುತ್ತದೆ, ಅವರ ಹಿಂದಿನ ಗೋಡೆಯ ಮೇಲಿದ್ದ ಚಿತ್ರದ ಬಗ್ಗೆ ಒಂದು ಸಾಲು ಬರುವುದಿಲ್ಲ.

ಹಾಗಾಗಿ ನಮ್ಮ ಎಂಟು ಪುಟ ಹೆಚ್ಚಾಯಿತು ಎಂಬ ಮಾತನ್ನು ನಾನು ಒಪ್ಪಲಾರೆ. ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಬರುವುದಾದರೆ ಕುಮಾರಕೃಪ ರಸ್ತೆಯಲ್ಲಿ ಅಚ್ಚುಚಿತ್ರ ಇಟ್ಟುಕೊಂಡು ಕೂತ ಹುಡುಗ ಹುಡುಗಿಯರನ್ನು ಹುಡುಕಿ ಮಾತಾಡಿಸಿ. ಸಾಮಾನ್ಯವಾಗಿ ಅವರ ಮುಂದೆ ಜನ ಕಡಿಮೆ. ಹಾಳೆಯ ಕೆಳಗೆ ಪೆನ್ಸಿಲಿನ ನಂಬರು ಇದೆಯೇ ನೋಡಿ, ತಗಡೋ ಹಲಗೆಯೋ ಕಲ್ಲೋ ಎಂದು ಕೇಳಿ, ಯಾವ ಊರವರು ಎಂದೂ ಕೇಳಿ. ತೈಲಚಿತ್ರಕ್ಕಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ, ನಿಮ್ಮ ಪಿಂಚಣಿಗೆ ಭಾರವಾಗದು. ಮುಂದಿನ ಸಂಚಿಕೆಯಲ್ಲಿ ಸೋಮನಾಥ ಹೋರ್ ಅವರಿಗೆ ಹತ್ತು ಪುಟ ಮೀಸಲಿಟ್ಟಿದ್ದೇವೆ. ಮುಳುಗಡೆಯ ಊರುಗಳ ಓದುಗರು ತಮ್ಮ ಹಳೆಯ ಮನೆಯ ನಕ್ಷೆಯನ್ನು ನೆನಪಿನಿಂದ ಬರೆದು ಕಳಿಸಿದರೆ, ಅದಕ್ಕೂ ಪುಟ ತೆಗೆದಿಡುತ್ತೇವೆ.

ಸಂಪಾದಕ